ಮನೆಯಲ್ಲೇ ನಿತ್ಯಜಪ: ಮೂರು ಮಾಲೆ, ಒಂದು ಮಂಡಲ, ನಡುವೆ ಬರುವ ತೊಡಕುಗಳು

ಜಪ ಶುರು ಮಾಡುವವರು ಬಹಳ ಮಂದಿ, ಎರಡನೇ ತಿಂಗಳು ಮುಟ್ಟುವವರು ಕಡಿಮೆ. ಬಿಟ್ಟವರನ್ನು ಕೇಳಿದರೆ ಭಕ್ತಿ ಸಾಲಲಿಲ್ಲ, ಮನಸ್ಸು ನಿಲ್ಲಲಿಲ್ಲ, ಪುರುಸೊತ್ತೇ ಇಲ್ಲ ಎನ್ನುತ್ತಾರೆ. ಕೆದಕಿ ನೋಡಿದರೆ ಕಾರಣ ಇನ್ನೂ ಸಣ್ಣದು. ಮೊದಲ ದಿನದ ಹುರುಪಿನಲ್ಲಿ ಹನ್ನೊಂದು ಮಾಲೆ (ಒಂದು ಮಾಲೆ ಎಂದರೆ 108 ಮಣಿಯ ಒಂದು ಸುತ್ತು) ಹಿಡಿದಿರುತ್ತಾರೆ, ಹೊತ್ತು ಗೊತ್ತುಮಾಡಿಕೊಂಡಿರುವುದಿಲ್ಲ, ಕೂಡುವ ಜಾಗ ದಿನಕ್ಕೊಂದು. ಸಂಖ್ಯೆ, ಹೊತ್ತು, ಜಾಗ ಈ ಮೂರು ಕದಲದಂತೆ ಇಟ್ಟರೆ ಭಕ್ತಿ ಕಡಿಮೆಯಿದ್ದ ದಿನವೂ ಜಪ ನಡೆಯುತ್ತದೆ. ಮೂರೂ ಅಲ್ಲಾಡಿದರೆ ಎಷ್ಟು ಭಕ್ತಿ ಇದ್ದರೂ ಒಂದು ಲಗ್ನದ ಸೀಜನ್ ದಾಟುವುದಿಲ್ಲ.

ಕಲಬುರಗಿ, ಬೀದರ, ಯಾದಗಿರಿ ಕಡೆಯ ಸಂಸಾರಸ್ಥರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ನೌಕರಿ, ಅಂಗಡಿ, ಹೊಲ, ಅಡುಗೆಮನೆ ಇರುವವರಿಗೆ. ಇನ್ನೂ ಯಾರಿಂದಲೂ ದೀಕ್ಷೆ ಪಡೆಯದವರಿಗೆ. ಇಷ್ಟಲಿಂಗ ಕಟ್ಟಿಕೊಂಡವರಿಗೆ ಗುರು ಕೊಟ್ಟ ಕ್ರಮವೇ ಕ್ರಮ. ಲಿಂಗಪೂಜೆಯ ಜೊತೆಗಿರುವ ಷಡಕ್ಷರಿ (ಓಂ ನಮಃ ಶಿವಾಯ) ಬಿಟ್ಟು ಹೊಸದನ್ನು ಹಿಡಿಯುವ ಅಗತ್ಯ ಅವರಿಗಿಲ್ಲ. ಉಪನಯನವಾದವರು ಕೂಡ ಮೊದಲು ಸಂಧ್ಯಾವಂದನೆಯ ಗಾಯತ್ರಿ ಮುಗಿಸಿ ಆಮೇಲೆ ನಾಮಕ್ಕೆ ಬರಬೇಕು. ಈ ಇಬ್ಬರಿಗೂ ಹೊತ್ತು, ಆಸನ, ತೊಡಕುಗಳ ಭಾಗ ಮಾತ್ರ ಉಪಯೋಗಕ್ಕೆ ಬಂದೀತು.

ಯಾವ ನಾಮ?

ಮನೆದೇವರ ನಾಮ ಎಲ್ಲಕ್ಕಿಂತ ಸುಲಭ. ಆ ಹೆಸರು ಕಿವಿಗೆ ಚಿಕ್ಕಂದಿನಿಂದ ಬಿದ್ದಿರುತ್ತದೆ, ಅದರ ಜೊತೆ ಜಾತ್ರೆಯ, ನೈವೇದ್ಯದ, ಅವ್ವ ದೀಪ ಹಚ್ಚುವ ನೆನಪು ಅಂಟಿರುತ್ತದೆ. ಮನಸ್ಸು ಅದನ್ನು ಪರಕೀಯ ಎಂದು ದೂಡುವುದಿಲ್ಲ. ಮನೆದೇವರು ಯಾರು ಎಂಬುದೇ ಗೊತ್ತಿಲ್ಲದ ಮನೆಗಳು ಈಗ ಹೆಚ್ಚು. ಊರಿನ ಹಿರಿಯರನ್ನೋ ಸೋದರತ್ತೆಯನ್ನೋ ಹೀಗೆ ಕೇಳಿ: ನಮ್ಮ ಮನೆತನದ ಮಕ್ಕಳ ಜವಳ ಎಲ್ಲಿ ತೆಗೆಸುತ್ತಿದ್ದರು? ಉತ್ತರ ಅಲ್ಲೇ ಸಿಗುತ್ತದೆ.

ಮೈಲಾಪುರದ ಮಲ್ಲಯ್ಯನ ಒಕ್ಕಲಾದರೆ "ಓಂ ನಮಃ ಶಿವಾಯ". ಬೀದರದ ಝರಣಿ ನರಸಿಂಹನ ಕಡೆಯವರಿಗೆ "ಶ್ರೀ ನರಸಿಂಹಾಯ ನಮಃ". ಸನ್ನತಿಯ ಚಂದ್ರಲಾಂಬೆ ಮನೆದೇವಿಯಾದರೆ "ಶ್ರೀ ಚಂದ್ರಲಾಂಬಾಯೈ ನಮಃ". ಗಾಣಗಾಪುರಕ್ಕೆ ನಡೆದುಕೊಳ್ಳುವವರಿಗೆ "ಶ್ರೀ ಗುರುದೇವ ದತ್ತ". ಪಂಢರಪುರದ ದಿಂಡಿಯ (ಭಜನೆಯ ಪಾದಯಾತ್ರೆಯ) ನಂಟಿರುವ ಮನೆಗಳಲ್ಲಿ "ರಾಮಕೃಷ್ಣ ಹರಿ" ಎಂದೋ ನಡೆದುಬಂದಿರುತ್ತದೆ, ಅದನ್ನೇ ಹಿಡಿಯಿರಿ. ಎರಡು ನಾಮ ಬೇಡ. ಆರಿಸಿದ ಮೇಲೆ ನಲವತ್ತೆಂಟು ದಿನ, ಅಂದರೆ ಒಂದು ಮಂಡಲ, ಬದಲಿಸಬೇಡಿ. ಇಪ್ಪತ್ತನೇ ದಿನಕ್ಕೆ ಬೇರೊಂದು ನಾಮ ಹೆಚ್ಚು ಶಕ್ತಿಯದು ಎನ್ನಿಸುವುದು ಬೇಸರದ ಇನ್ನೊಂದು ವೇಷ.

ಹ್ರೀಂ, ಶ್ರೀಂ ಮುಂತಾದ ಬೀಜಾಕ್ಷರಗಳ ಮಂತ್ರಗಳನ್ನು ಮೊಬೈಲಿನಲ್ಲಿ ಕೇಳಿ ಶುರು ಮಾಡುವುದು ಬೇಡ. ಹೆದರಿಸಲು ಹೇಳುವ ಮಾತಲ್ಲ ಇದು. ಅವಕ್ಕೆ ನ್ಯಾಸ (ಮಂತ್ರ ಹೇಳುತ್ತ ಮೈಯ ಭಾಗಗಳನ್ನು ಮುಟ್ಟುವುದು), ಧ್ಯಾನಶ್ಲೋಕ, ಸಂಖ್ಯೆ, ಆಹಾರದ ಕಟ್ಟಳೆ ಇರುತ್ತವೆ. ನಡುವೆ ಸಂಶಯ ಬಂದರೆ ಕೇಳಲು ಒಬ್ಬರು ಬೇಕು. ನಾಮಜಪಕ್ಕೆ ಆ ಭಾರವಿಲ್ಲ. ತಪ್ಪಿದರೆ ಮುಂದಿನ ಮಣಿಯಲ್ಲಿ ಸರಿ ಹೇಳಿದರಾಯಿತು.

ಎಷ್ಟು?

ಮೂರು ಮಾಲೆ, ಅಷ್ಟೇ. ಒಂದೇ ಮಾಲೆ ಸಾಕಲ್ಲ ಎಂದರೆ, ಕೂತ ಮೊದಲ ನಾಲ್ಕೈದು ನಿಮಿಷ ಮೈಯ ತುರಿಕೆ, ಹೊರಗಿನ ಸದ್ದು, ನಿನ್ನೆಯ ಮಾತು ಇವುಗಳಲ್ಲೇ ಕಳೆಯುತ್ತದೆ. ಮನಸ್ಸು ಸ್ವಲ್ಪ ಇಳಿಯುವ ಹೊತ್ತಿಗೆ ಮಾಲೆ ಮುಗಿದಿರುತ್ತದೆ. ಹನ್ನೊಂದು ಎಂದರೆ ಮುಕ್ಕಾಲು ಗಂಟೆ, ಅದು ಹೊಸಬರಿಗೆ ನಿಲ್ಲುವುದಿಲ್ಲ.

"ಓಂ ನಮಃ ಶಿವಾಯ" ಒಂದು ಸಲ ಸ್ಪಷ್ಟವಾಗಿ ಹೇಳಲು ಸುಮಾರು ಎರಡು ಸೆಕೆಂಡ್ ಬೇಕು. ಒಂದು ಮಾಲೆಗೆ ನಾಲ್ಕು ನಿಮಿಷ, ಮೂರಕ್ಕೆ ಹನ್ನೆರಡು. "ಓಂ ನಮೋ ಭಗವತೇ ವಾಸುದೇವಾಯ" ಮಾಲೆಗೆ ಐದಾರು ನಿಮಿಷ ತೆಗೆದುಕೊಳ್ಳುತ್ತದೆ. ಗಾಯತ್ರಿಗೆ ಒಂದಾವರ್ತಿಗೆ ಎಂಟರಿಂದ ಹತ್ತು ಸೆಕೆಂಡ್, ಅಂದರೆ ಮಾಲೆಗೆ 15ರಿಂದ 18 ನಿಮಿಷ. ಅದು ಇರುವವರು ಮೂರು ಮಾಲೆಯ ಲೆಕ್ಕ ಇಟ್ಟುಕೊಳ್ಳಬಾರದು, ಒಂದೇ ಸಾಕು. ಪಂಚಾಕ್ಷರಿಯ (ಓಂ ಬಿಟ್ಟು ಎಣಿಸಿದರೆ ಶಿವಮಂತ್ರಕ್ಕೆ ಐದೇ ಅಕ್ಷರ) ಮೂರು ಮಾಲೆ ಆರೇ ನಿಮಿಷಕ್ಕೆ ಮುಗಿಯುತ್ತಿದ್ದರೆ ಅಕ್ಷರ ನುಂಗುತ್ತಿದ್ದೀರಿ ಎಂದೇ ಅರ್ಥ. ಕಿವಿಗೊಟ್ಟು ಕೇಳಿ: "ನಮಃ ಶಿವಾಯ" ಎಂಬುದು "ನಮ್ಶಿವಾ" ಆಗಿರುತ್ತದೆ. ವಿಸರ್ಗಕ್ಕೆ ಅರ್ಧ ಉಸಿರು ಬಿಡಿ, "ಯ" ಪೂರ್ತಿ ಕೇಳಲಿ.

ಮಾಲೆಯಲ್ಲಿ 108 ಮಣಿ ಇದ್ದರೂ ಲೆಕ್ಕಕ್ಕೆ ನೂರನ್ನೇ ಹಿಡಿಯುವುದು ರೂಢಿ. ಉಳಿದ ಎಂಟು ತಪ್ಪಿದ್ದಕ್ಕೆ, ಮರೆತದ್ದಕ್ಕೆ. ಹಾಗೆ ನೋಡಿದರೆ ಒಂದು ಮಂಡಲಕ್ಕೆ 14,400 ಆಗುತ್ತದೆ. ಮಂತ್ರಸಿದ್ಧಿಗೆಂದು ಮಾಡುವ ಪುರಶ್ಚರಣೆ ಎಂಬುದು ಬೇರೆ ವಿಷಯ: ಮಂತ್ರದಲ್ಲಿ ಎಷ್ಟು ಅಕ್ಷರವೋ ಅಷ್ಟು ಲಕ್ಷ, ಮೇಲೆ ಹತ್ತನೇ ಒಂದು ಭಾಗದ ಹೋಮ, ಅದರ ಹತ್ತನೇ ಒಂದು ತರ್ಪಣ, ಹೀಗೆ ಇಳಿಯುತ್ತ ಹೋಗುತ್ತದೆ. ದಿನಕ್ಕೆ ಮುನ್ನೂರರಂತೆ ಪಂಚಾಕ್ಷರಿಯ ಐದು ಲಕ್ಷಕ್ಕೆ ನಾಲ್ಕೂವರೆ ವರ್ಷ ಬೇಕು. ಈಗಲೇ ಆ ಯೋಚನೆ ಬೇಡ.

ಮಾಲೆ

ತುಳಸಿ, ರುದ್ರಾಕ್ಷಿ, ಸ್ಫಟಿಕ ಯಾವುದಾದರೂ ಆದೀತು. ವೈಷ್ಣವ ನಾಮಕ್ಕೆ ತುಳಸಿ, ಶಿವನಾಮಕ್ಕೆ ರುದ್ರಾಕ್ಷಿ ಎಂಬುದು ಪದ್ಧತಿ. ಆರರಿಂದ ಎಂಟು ಮಿಲಿಮೀಟರ್ ಮಣಿ ಕೈಗೆ ಹದವಾಗುತ್ತದೆ. ಅದಕ್ಕಿಂತ ಸಣ್ಣದಾದರೆ ಎರಡು ಮಣಿ ಒಟ್ಟಿಗೆ ಜಾರುತ್ತವೆ, ದೊಡ್ಡದಾದರೆ ಮಾಲೆಯ ಭಾರಕ್ಕೇ ಮಣಿಕಟ್ಟು ನೋಯುತ್ತದೆ. ಮಣಿ ಮಣಿಯ ನಡುವೆ ಗಂಟು ಹಾಕಿದ ಮಾಲೆ ಕೊಳ್ಳಿ: ದಾರ ಹರಿದರೂ ಎಲ್ಲ ಮಣಿ ಚೆಲ್ಲುವುದಿಲ್ಲ, ಬೆರಳಿಗೂ ಒಂದೊಂದೇ ಸಿಗುತ್ತದೆ.

ಜಾತ್ರೆಯ ಅಂಗಡಿಯಲ್ಲಿ ರುದ್ರಾಕ್ಷಿಯನ್ನು ನೀರಿಗೆ ಹಾಕಿ ಮುಳುಗಿತು, ಅಸಲಿ ಎಂದು ತೋರಿಸುತ್ತಾರೆ. ಅದನ್ನು ನಂಬಬೇಡಿ. ಒಣಗಿದ ಅಸಲಿ ರುದ್ರಾಕ್ಷಿ ತೇಲುವುದುಂಟು, ಬೇರೆ ಬೀಜ ಮುಳುಗುವುದೂ ಉಂಟು. ಮುಖದ ಗೆರೆಗಳನ್ನು ನೋಡಿ: ಒಂದು ತೂತಿನಿಂದ ಇನ್ನೊಂದು ತೂತಿನ ತನಕ ಬಿಡದೆ ಹೋಗಿರಬೇಕು, ಮೇಲ್ಮೈಯ ಉಬ್ಬುತಗ್ಗು ಮಣಿಯಿಂದ ಮಣಿಗೆ ಬೇರೆ ಬೇರೆ ಇರಬೇಕು. ಎಲ್ಲ ಮಣಿಯೂ ಒಂದೇ ಅಚ್ಚಿನಂತಿದ್ದರೆ ಅದು ಅಚ್ಚಿನದೇ. ಐದು ಮುಖದ್ದು ಎಲ್ಲಕ್ಕಿಂತ ಅಗ್ಗ, ಜಪಕ್ಕೆ ಧಾರಾಳ ಸಾಕು. ಒಂದು ಮುಖ, ಹದಿನಾಲ್ಕು ಮುಖ ಎಂದು ಸಾವಿರಗಟ್ಟಲೆ ಕೇಳುವವರ ಮುಂದೆ ನಿಲ್ಲಲೇ ಬೇಡಿ.

ಹಿಡಿಯುವ ಬಗೆ ಹೀಗಿದೆ. ಬಲಗೈಯ ನಡುಬೆರಳಿನ ಮೇಲೆ ಮಾಲೆ ಇಳಿಬಿಟ್ಟು ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ನಿಮ್ಮ ಕಡೆಗೆ ಎಳೆಯಿರಿ. ತೋರುಬೆರಳು ತಾಗಿಸುವುದಿಲ್ಲ. ಮೇರುಮಣಿ (ಮಾಲೆಯ ಎರಡು ತುದಿ ಸೇರುವಲ್ಲಿನ ಮಣಿ) ಬಂದಾಗ ದಾಟದೆ, ಮಾಲೆಯನ್ನು ಹೆಬ್ಬೆರಳಿನಿಂದಲೇ ತಿರುವಿ, ಕೊನೆಯ ಮಣಿಯನ್ನು ಮೊದಲನೆಯದಾಗಿ ಹಿಡಿಯಬೇಕು. ತಿರುವಲು ಎರಡು ಮೂರು ದಿನ ಎಡಗೈ ನೆರವು ಬೇಕಾಗುತ್ತದೆ, ಆಮೇಲೆ ಬೆರಳೇ ಕಲಿಯುತ್ತದೆ. ಕೈ ಎದೆಯ ಹತ್ತಿರ ಇರಲಿ. ನೋಯುತ್ತಿದ್ದರೆ ಮಾಲೆಯನ್ನು ಗೋಮುಖಿ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಳ್ಳಬಹುದು.

ಬಸ್ಸಿನಲ್ಲಿ, ಹೊಲದಲ್ಲಿ ಮಾಲೆ ಇಲ್ಲದಾಗ ಬೆರಳೇ ಮಾಲೆ. ಹೆಬ್ಬೆರಳ ತುದಿಯಿಂದ ಗೆಣ್ಣುಗಳನ್ನು ಮುಟ್ಟುತ್ತ ಹೋಗಿ: ಉಂಗುರ ಬೆರಳಿನ ನಡುಗೆಣ್ಣು ಒಂದು, ಅದರ ಬುಡ ಎರಡು, ಕಿರುಬೆರಳಿನ ಬುಡ ಮೂರು, ನಡು ನಾಲ್ಕು, ತುದಿ ಐದು, ಉಂಗುರ ಬೆರಳಿನ ತುದಿ ಆರು, ನಡುಬೆರಳಿನ ತುದಿ ಏಳು, ತೋರುಬೆರಳಿನ ತುದಿ ಎಂಟು, ನಡು ಒಂಬತ್ತು, ಬುಡ ಹತ್ತು. ನಡುಬೆರಳಿನ ಉಳಿದ ಎರಡು ಗೆಣ್ಣು ಮೇರು, ಮುಟ್ಟುವುದಿಲ್ಲ. ಎಡಗೈಯಲ್ಲಿ ಹತ್ತುಗಳನ್ನು ಅದೇ ಕ್ರಮದಲ್ಲಿ ಎಣಿಸಿದರೆ ನೂರು. ದೇವಿಯ ಉಪಾಸನೆಯಲ್ಲಿ ಈ ಎಣಿಕೆ ಬೇರೆ. ಮನೆಯಲ್ಲಿ ರೂಢಿ ಇದ್ದರೆ ಅದನ್ನೇ ಅನುಸರಿಸಿ.

ಮಾಲೆ ಹರಿಯಿತೆಂದು ಗಾಬರಿಪಡುವವರು ಬಹಳ. ಬೆವರು ಕುಡಿದ ಹತ್ತಿಯ ದಾರ ಮೇರುವಿನ ಪಕ್ಕದಲ್ಲಿ ಸವೆದು ಹರಿಯುತ್ತದೆ, ನಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೂ ಬೇಗ. ಅಪಶಕುನ ಏನೂ ಇಲ್ಲ. ವರ್ಷಕ್ಕೊಮ್ಮೆ ದಾರ ಬದಲಿಸಿ. ರುದ್ರಾಕ್ಷಿಯನ್ನು ಎರಡು ಮೂರು ತಿಂಗಳಿಗೊಮ್ಮೆ ಮೃದು ಬ್ರಷ್‌ನಿಂದ ಉಜ್ಜಿ ಎಳ್ಳೆಣ್ಣೆ ಒಂದು ಹನಿ ಸವರಿದರೆ ಬಿರುಕು ಬಿಡುವುದಿಲ್ಲ.

ಜಾಗ ಮತ್ತು ಆಸನ

ದೇವರ ಜಗಲಿಯ ಮುಂದೆಯೇ ಆಗಬೇಕೆಂದಿಲ್ಲ. ಎರಡು ಕೋಣೆಯ ಮನೆಯಲ್ಲಿ ಜಗಲಿ ಅಡುಗೆಮನೆಯಲ್ಲೇ ಇರುತ್ತದೆ, ಮುಂಜಾನೆ ಅಲ್ಲಿ ಕುಕ್ಕರ್ ಕೂಗುತ್ತಿರುತ್ತದೆ. ಒಂದು ಮೂಲೆ ಗೊತ್ತುಮಾಡಿ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ, ದಿನವೂ ಅಲ್ಲೇ.

ಶಹಾಬಾದ ಫರಸಿಯ ಮೇಲೆ ಹಾಗೇ ಕೂಡಬೇಡಿ. ಚಳಿಗಾಲದಲ್ಲಿ ಕಲ್ಲು ಮೈಯ ಕಾವು ಎಳೆದು ಸೊಂಟ ಹಿಡಿಯುತ್ತದೆ, ಬೇಸಿಗೆಯಲ್ಲಿ ರಾತ್ರಿಯಿಡೀ ಕಾವು ಉಗುಳುತ್ತದೆ. ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಒಂದು ಹತ್ತಿಯ ಬಟ್ಟೆ ಹಾಸಿ. ಮೊಣಕಾಲು ಸೊಂಟಕ್ಕಿಂತ ಮೇಲೆ ನಿಂತರೆ ಬೆನ್ನು ಬಾಗುವುದು ಖಂಡಿತ. ಕುಂಡಿಯ ಕೆಳಗೆ ಮೂರು ನಾಲ್ಕು ಇಂಚು ದಪ್ಪಕ್ಕೆ ಟಾವೆಲ್ ಮಡಿಸಿಡಿ. ಕಾಲು ಜೋಮು ಹಿಡಿದರೆ ಮಾಲೆ ನಿಲ್ಲಿಸದೆ ಕಾಲು ಬದಲಿಸಿ, ಅದರಿಂದ ಜಪ ಭಂಗವಾಗುವುದಿಲ್ಲ. ಮೊಣಕಾಲು ಸವೆದವರು ಕುರ್ಚಿಯ ಮೇಲೆ ಕೂಡಲಿ. ಪಾದ ನೆಲಕ್ಕೆ ತಾಗಬೇಕು, ಪಾದದಡಿ ಒಂದು ಚಾಪೆ ಇರಲಿ, ಬೆನ್ನು ಆನಿಸದೆ ಕೂತರೆ ಒಳ್ಳೆಯದು.

ದೀಪ ಹಚ್ಚುವುದಾದರೆ ಫ್ಯಾನಿನ ಲೆಕ್ಕ ಹಾಕಿ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಕೂತವರು ಮೂರನೇ ದಿನ ಏಳುವುದಿಲ್ಲ. ಗಾಜಿನ ಕಂದೀಲಿನಲ್ಲಿ ದೀಪ ಇಡಿ, ಇಲ್ಲವೇ ಜಪಕ್ಕೆ ಮೊದಲು ಜಗಲಿಗೆ ಹಚ್ಚಿ ಬಂದು ಕೂಡಿ. ಊದಿನಕಡ್ಡಿ ಕಣ್ಣುರಿಸುತ್ತಿದ್ದರೆ ಬಿಟ್ಟುಬಿಡಿ.

ಹೊತ್ತು

ಬ್ರಾಹ್ಮೀ ಮುಹೂರ್ತ ಎಂದರೆ ನಾಲ್ಕು ಗಂಟೆ ಎಂದು ತಿಳಿದವರೇ ಹೆಚ್ಚು. ಅದು ಗಡಿಯಾರದ ಹೊತ್ತಲ್ಲ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಮೊದಲು ಮುಗಿಯುತ್ತದೆ. ಕಲಬುರಗಿಯಲ್ಲಿ ಜನವರಿಯ ನಡುವಿಗೆ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 6:55ಕ್ಕೆ, ಆಗ 5:20ರಿಂದ 6:05. ಜೂನ್ ಮೊದಲಿಗೆ ಸೂರ್ಯೋದಯ 5:45ರ ಆಸುಪಾಸು, ಆಗ 4:10ರಿಂದ 4:55. ಬೀದರ, ಯಾದಗಿರಿಗೆ ಒಂದೆರಡು ನಿಮಿಷದ ವ್ಯತ್ಯಾಸ. ಚಳಿಗಾಲದಲ್ಲಿ ಶುರು ಮಾಡಿದರೆ ಏಳುವುದು ಎಷ್ಟು ಸುಲಭ ಎಂಬುದು ಈ ಲೆಕ್ಕದಲ್ಲೇ ಇದೆ.

ಆ ಹೊತ್ತಿಗೆ ಆಗದವರು "ಎದ್ದ ಮೇಲೆ, ಚಹಾಕ್ಕೆ ಮೊದಲು" ಎಂದು ಗೊತ್ತುಮಾಡಿ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮಾಡುವವರಿಗೆ ಇದೊಂದೇ ದಾರಿ. ರಾತ್ರಿ ಪಾಳಿ ಮುಗಿಸಿ ಬಂದು ಕೂತರೆ ಬರುವುದು ಜಪವಲ್ಲ, ತೂಕಡಿಕೆ. ಮಲಗಿ ಎದ್ದು, ಅದು ಮಧ್ಯಾಹ್ನ ಎರಡಾದರೂ ಸರಿ, ಮುಖ ತೊಳೆದು ಕೂಡಿ. ದಿನದ ಯಾವ ಗಂಟೆ ಎನ್ನುವುದಕ್ಕಿಂತ ಯಾವ ಕೆಲಸದ ಹಿಂದೆ, ಯಾವುದರ ಮುಂದೆ ಎಂಬುದು ರೂಢಿಯನ್ನು ಹೆಚ್ಚು ಹಿಡಿದಿಡುತ್ತದೆ.

ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಬಂದಾಗ ಹೊಲದ ಮನೆಗಳಲ್ಲಿ ಎಲ್ಲ ಹೊತ್ತೂ ಕದಲುತ್ತದೆ. ಆ ಹದಿನೈದು ಇಪ್ಪತ್ತು ದಿನ ಬದುವಿನ ಮೇಲೆ ಕೂತು, ಕೆಲಸಕ್ಕೆ ಇಳಿಯುವ ಮೊದಲು ಬೆರಳೆಣಿಕೆಯಲ್ಲಿ ಒಂದು ನೂರು ಮಾಡಿದರೆ ಸಾಕು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರಿಗೆ ಇನ್ನೂ ಅನುಕೂಲ: ಎದ್ದು, ಹಾಸಿಗೆ ಸುತ್ತಿ, ಚರಗಿಯ ನೀರಿನಲ್ಲಿ ಮುಖ ತೊಳೆದು ಪೂರ್ವಕ್ಕೆ ತಿರುಗಿ ಕೂತರೆ ಕೆಳಗಿಳಿಯುವುದರೊಳಗೆ ಜಪ ಮುಗಿದಿರುತ್ತದೆ.

ದಿನದ ಕ್ರಮ, ಒಟ್ಟು ಇಪ್ಪತ್ತು ನಿಮಿಷ

ಮೊದಲು ಫೋನ್ ಬೇರೆ ಕೋಣೆಯಲ್ಲಿಡಿ. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಸ್ನಾನವಾದರೆ ಒಳ್ಳೆಯದು, ನೀರಿನ ಅಡಚಣೆ ಇದ್ದ ದಿನ, ನಲ್ಲಿ ಬಾರದ ದಿನ, ಮೈ ಹುಷಾರಿಲ್ಲದ ದಿನ ಕೈಕಾಲು ಮುಖ ತೊಳೆದರೆ ಸಾಕು. ಸ್ನಾನಕ್ಕಾಗಿ ಕಾದು ಜಪ ತಪ್ಪಿಸುವುದು ಎರಡೂ ಬಿಟ್ಟ ಹಾಗೆ.

ವಿಭೂತಿಯೋ ಕುಂಕುಮವೋ ಹಚ್ಚಿಕೊಂಡು ಕೂಡಿ. ಕೇಶವಾಯ, ನಾರಾಯಣಾಯ, ಮಾಧವಾಯ ಎಂದು ಮೂರು ಸಲ ಅಂಗೈಯಲ್ಲಿ ಉದ್ದಿನ ಕಾಳು ಮುಳುಗುವಷ್ಟು ನೀರು ತೆಗೆದುಕೊಂಡು ಆಚಮನ. ಶೈವ ಮನೆಗಳಲ್ಲಿ ಅವರವರ ಪದ್ಧತಿಯಿದೆ. ಮೊದಲ ದಿನ ಮಾತ್ರ ಸಂಕಲ್ಪ. ಸಂಸ್ಕೃತ ಬಾರದಿದ್ದರೆ ನಮ್ಮ ಮಾತಿನಲ್ಲೇ ಆದೀತು: "ಇವತ್ತಿನಿಂದ ನಲವತ್ತೆಂಟು ದಿನ, ದಿನಕ್ಕೆ ಮೂರು ಮಾಲೆ ನಿನ್ನ ನಾಮ ಹೇಳುತ್ತೇನೆ. ಮೈಗೆ ಸರಿಯಿಲ್ಲದ ದಿನ, ಪ್ರಯಾಣದ ದಿನ ಒಂದು ಮಾಲೆ." ಈ ಎರಡನೇ ವಾಕ್ಯ ಬಿಡಬೇಡಿ. ಸಂಕಲ್ಪದಲ್ಲೇ ಕಡಿಮೆಯ ಗೆರೆ ಎಳೆದಿದ್ದರೆ ಜ್ವರ ಬಂದ ದಿನ ಮುರಿಯಿತು ಎಂಬ ಕೊರಗು ಇರುವುದಿಲ್ಲ. ಕೊರಗೇ ಮುಂದೆ ಪೂರ್ತಿ ಬಿಡುವುದಕ್ಕೆ ದಾರಿ.

ಆರು ಸಲ ನಿಧಾನವಾಗಿ ಉಸಿರಾಡಿ. ಮೂಗು ಹಿಡಿಯುವ ಪ್ರಾಣಾಯಾಮ ಗೊತ್ತಿದ್ದವರು ಮಾಡಲಿ, ಗೊತ್ತಿಲ್ಲದವರು ಉಸಿರು ಬಿಗಿಹಿಡಿಯುವ ಪ್ರಯೋಗಕ್ಕೆ ಹೋಗಬಾರದು, ರಕ್ತದೊತ್ತಡ ಇದ್ದವರಂತೂ ಬೇಡವೇ ಬೇಡ.

ಜಪಕ್ಕೆ ಮೂರು ಬಗೆ: ಕೇಳುವಂತೆ ಹೇಳುವುದು ವಾಚಿಕ, ತುಟಿ ಮಾತ್ರ ಆಡಿಸಿ ತನಗಷ್ಟೇ ಕೇಳುವುದು ಉಪಾಂಶು, ನಾಲಗೆಯೂ ಆಡದ್ದು ಮಾನಸ. ಮಾನಸ ಎಲ್ಲಕ್ಕಿಂತ ಮೇಲು ಎಂದು ಓದಿ ಮೊದಲ ದಿನವೇ ಕಣ್ಣು ಮುಚ್ಚಿ ಒಳಗೊಳಗೇ ಶುರು ಮಾಡುತ್ತಾರೆ, ಮೂವತ್ತನೇ ಮಣಿಗೆ ತರಕಾರಿ ಸಂತೆಯಲ್ಲಿರುತ್ತಾರೆ. ಮೇಲಿನ ಮೆಟ್ಟಿಲು ಹೌದು, ಮೊದಲ ಮೆಟ್ಟಿಲಲ್ಲ. ಒಂದನೇ ಮಾಲೆ ಸಣ್ಣ ದನಿಯಲ್ಲಿ, ಎರಡನೆಯದು ತುಟಿಯಲ್ಲಿ, ಮೂರನೆಯದು ಮನಸ್ಸಿನಲ್ಲಿ. ಮೂರನೆಯದರಲ್ಲಿ ದಾರಿ ತಪ್ಪಿದರೆ ಐದು ಮಣಿ ಮತ್ತೆ ತುಟಿಗೆ ತಂದು ಮುಂದುವರಿಯಿರಿ. ಮಾಲೆಯನ್ನು ಮೊದಲಿನಿಂದ ಶುರು ಮಾಡಬೇಡಿ. ಅದು ಶಿಕ್ಷೆಯಾಗುತ್ತದೆ, ಕೂಡುವುದಕ್ಕೇ ಹೇವರಿಕೆ ಬರುತ್ತದೆ.

ಮುಗಿದ ಕೂಡಲೇ ಏಳಬೇಡಿ. ಮಾಲೆ ಕೆಳಗಿಟ್ಟು ಎರಡು ನಿಮಿಷ ಸುಮ್ಮನೆ ಕೂಡಿ. ನಾಮ ತಾನಾಗಿ ಒಳಗೆ ನಡೆಯುತ್ತಿದ್ದರೆ ನಡೆಯಲಿ, ನಿಂತರೆ ನಿಲ್ಲಲಿ. ಇಡೀ ಇಪ್ಪತ್ತು ನಿಮಿಷದಲ್ಲಿ ಹೆಚ್ಚಿನವರು ಬಿಟ್ಟುಕೊಡುವ ಭಾಗ ಇದು, ನಮ್ಮ ಮಟ್ಟಿಗೆ ಬಿಡಲೇಬಾರದ ಭಾಗವೂ ಇದೇ. ಆಮೇಲೆ ಒಂದು ಉದ್ಧರಣೆ ನೀರು ಬಿಟ್ಟು "ಶಿವಾರ್ಪಣಮಸ್ತು" ಅಥವಾ "ಕೃಷ್ಣಾರ್ಪಣಮಸ್ತು" ಎಂದು ಎದ್ದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಗೆ ಪೆನ್ಸಿಲಿನಿಂದ 3 ಎಂದೋ 1 ಎಂದೋ ಬರೆಯಿರಿ.

ಎಲ್ಲಿ ಕೆಡುತ್ತದೆ

ಮೊದಲ ವಾರ ಹುರುಪಿನಲ್ಲೇ ಹೋಗುತ್ತದೆ. ಎಂಟರಿಂದ ಇಪ್ಪತ್ತರ ನಡುವೆ ಬರುತ್ತದೆ ಬೇಸರ. ನಾಮ ಬರಿ ಸದ್ದಾಗಿ ಕೇಳುತ್ತದೆ, ದೇವರೂ ಇಲ್ಲ ರುಚಿಯೂ ಇಲ್ಲ ಎನ್ನಿಸುತ್ತದೆ. ಪತಂಜಲಿ ಯೋಗಸೂತ್ರದಲ್ಲಿ ಹೇಳಿದ ಒಂಬತ್ತು ಅಂತರಾಯಗಳಲ್ಲಿ (ಅಡ್ಡಿಗಳಲ್ಲಿ) ಕೊನೆಯ ಎರಡು ಇವೇ: ಏನೂ ಮುಟ್ಟಲಿಲ್ಲ ಎನ್ನಿಸುವುದು, ಮುಟ್ಟಿದ್ದು ನಿಲ್ಲದಿರುವುದು. ಸಾವಿರಾರು ವರ್ಷದ ಹಿಂದೆಯೇ ಪಟ್ಟಿಯಾಗಿರುವ ತೊಂದರೆ, ನಿಮಗೊಬ್ಬರಿಗೇ ಬಂದದ್ದಲ್ಲ. ಮಾಡಬೇಕಾದ್ದು ಏನೂ ಇಲ್ಲ. ಸಂಖ್ಯೆ ಹೆಚ್ಚಿಸದೆ, ನಾಮ ಬದಲಿಸದೆ ಮೂರು ಮಾಲೆ ಮುಗಿಸಿ ಏಳುವುದು. ಅದೇ ಪಟ್ಟಿಯ ಮೊದಲ ಹೆಸರು ವ್ಯಾಧಿ. ಆಲಸ್ಯ ಎಂದುಕೊಂಡದ್ದು ಎಷ್ಟೋ ಸಲ ರಕ್ತಹೀನತೆಯೋ ಥೈರಾಯ್ಡೋ ಸಕ್ಕರೆಯೋ ಆಗಿರುತ್ತದೆ. ಎರಡು ವಾರ ಕೂತಲ್ಲೇ ಕುಸಿಯುವಂತಿದ್ದರೆ ರಕ್ತಪರೀಕ್ಷೆ ಮಾಡಿಸಿ.

ನಿದ್ದೆಗೆ ಕಾರಣ ಹೆಚ್ಚಾಗಿ ಹಿಂದಿನ ರಾತ್ರಿಯ ಊಟ. ಹತ್ತೂವರೆಗೆ ರೊಟ್ಟಿ, ಹಿಂಡಿಪಲ್ಯೆ, ಅನ್ನ ಉಂಡು ಹನ್ನೆರಡಕ್ಕೆ ಮಲಗಿದವರು ಐದಕ್ಕೆ ಕೂತರೆ ತೂಗದೆ ಇನ್ನೇನು? ಎಂಟೂವರೆಯೊಳಗೆ ಊಟ ಮುಗಿಸಿ. ಆದರೂ ತೂಕಡಿಕೆ ಬಂದರೆ ಕಣ್ಣು ತೆರೆದು ದೀಪ ನೋಡುತ್ತ ಮಾಡಿ, ಅದಕ್ಕೂ ಬಗ್ಗದಿದ್ದರೆ ಎದ್ದು ನಿಂತು ಮಾಡಿ.

ಮನಸ್ಸು ಓಡುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಓಡುತ್ತದೆ, ಓಡಲಿ. ಎಲ್ಲಿಗೆ ಓಡುತ್ತದೆ ಎಂಬುದನ್ನು ಒಂದು ವಾರ ಗಮನಿಸಿ. ಮುಕ್ಕಾಲು ಪಾಲು ಬಾಕಿ ಕೆಲಸಗಳೇ ಇರುತ್ತವೆ: ಗ್ಯಾಸ್ ಬುಕ್ ಮಾಡಬೇಕು, ಮಗಳ ಫೀಸು ಕಟ್ಟಬೇಕು, ತಮ್ಮನಿಗೆ ಫೋನ್ ಮಾಡಬೇಕು. ಹಿಂದಿನ ರಾತ್ರಿ ಮಲಗುವ ಮೊದಲು ಅವನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಜಪದಲ್ಲಿ ಅವು ತಲೆ ಎತ್ತುವುದು ಅರ್ಧಕ್ಕರ್ಧ ಇಳಿಯುತ್ತದೆ. ಉಳಿದದ್ದು ಸಿಟ್ಟು, ಹೊಟ್ಟೆಕಿಚ್ಚು, ಹಳೆಯ ಅವಮಾನ. ಅವು ಜಪದಿಂದ ಹುಟ್ಟಿದ್ದಲ್ಲ, ದಿನವಿಡೀ ಗದ್ದಲದಲ್ಲಿ ಕೇಳಿಸದೆ ಇದ್ದವು ಈಗ ಕೇಳಿಸುತ್ತವೆ. ಅವುಗಳೊಡನೆ ವಾದಕ್ಕೆ ಇಳಿಯದೆ ಮುಂದಿನ ಮಣಿ ಎಳೆಯಿರಿ.

ಹೊರಗಿನ ಸದ್ದಿನ ಜೊತೆ ಜಗಳ ಬೇಡ. ಗುಡಿಯ ಮೈಕು, ಮಸೀದಿಯ ಆಜಾನ್, ಹಾಲಿನವರ ಮೋಟರ್‌ಸೈಕಲ್ ನಮ್ಮ ಊರುಗಳ ಮುಂಜಾನೆಯೇ ಅದು. ಸದ್ದು ಹೆಚ್ಚಾದಾಗ ಮಾನಸ ಬಿಟ್ಟು ಉಪಾಂಶುವಿಗೆ ಬನ್ನಿ. ಮನೆಯವರ ಕರೆಗೂ ಒಂದು ನಿಯಮ ಇರಲಿ: ಅಪ್ಪ, ಅವ್ವ, ಮಗು ಕರೆದರೆ ಮಾಲೆ ಕಣ್ಣಿಗೊತ್ತಿಕೊಂಡು ಎದ್ದು ಹೋಗಿ, ಬಂದು ಬಿಟ್ಟಲ್ಲಿಂದ ಮುಗಿಸಿ. "ನಾ ಜಪಕ್ಕ ಕೂತಾಗ ಯಾರೂ ಕರೀಬ್ಯಾಡ್ರಿ" ಎಂದು ಹಣೆ ಗಂಟಿಕ್ಕಿ ಕೂಡುವ ಮನೆಯಲ್ಲಿ ಉಳಿದವರಿಗೆ ಜಪದ ಮೇಲೆಯೇ ಸಿಟ್ಟು ಬರುತ್ತದೆ.

ನಿತ್ಯದ ಕೆಲವು ಸಂಶಯಗಳು

ಸೂತಕ ಬಂದರೆ? ಮಾಲೆ, ದೀಪ, ಆಚಮನ ಪಕ್ಕಕ್ಕಿಟ್ಟು ಮನಸ್ಸಿನಲ್ಲಿ ನಾಮ ಹೇಳಬಹುದು. ನಾಮಸ್ಮರಣೆಗೆ ಅಶೌಚದ ತಡೆ ಇಲ್ಲ ಎಂಬುದು ಭಕ್ತಿಮಾರ್ಗದವರ ನಿಲುವು. ಲಿಂಗಾಯತ ಮನೆಗಳಲ್ಲಿ ಜನನ, ಮರಣ, ಮುಟ್ಟು, ಎಂಜಲು, ಜಾತಿ ಎಂಬ ಪಂಚಸೂತಕವನ್ನೇ ಒಪ್ಪುವುದಿಲ್ಲ. ಹೆಣ್ಣುಮಕ್ಕಳ ಮುಟ್ಟಿನ ದಿನಗಳಿಗೂ ಮಾನಸ ಜಪ ಸಲ್ಲುತ್ತದೆ. ಮಾಲೆ ಮುಟ್ಟುವುದು ಬಿಡುವುದು ಮನೆಯ ಪದ್ಧತಿಗೆ ಬಿಟ್ಟದ್ದು. ಎಣಿಕೆ ಮಾತ್ರ ಮುರಿಯಬೇಡಿ, ಕ್ಯಾಲೆಂಡರಿನಲ್ಲಿ 1 ಬೀಳಲಿ.

ಮಾಂಸಾಹಾರ ಮಾಡುವವರು ಜಪ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಮಾಡಬಹುದು. ಮುಂಜಾನೆಯ ಖಾಲಿ ಹೊಟ್ಟೆಯಲ್ಲಿ ಮಾಡಿ.

ಹರಕೆಯ ಮಾತು ಸ್ವಲ್ಪ ಉದ್ದ. ಮಗನಿಗೆ ನೌಕರಿ ಸಿಗಲಿ, ಕೋರ್ಟಿನ ಕೇಸು ಮುಗಿಯಲಿ ಎಂದು ಜಪ ಹಿಡಿಯುವುದು ತಪ್ಪೇನಲ್ಲ. ಆರ್ತನೂ ಭಕ್ತನೇ ಎಂದು ಗೀತೆ ಎಣಿಸುತ್ತದೆ. ತೊಂದರೆ ಬೇರೆ ಕಡೆ ಇದೆ. ಕೆಲಸ ಆದರೆ ಜಪ ಮುಗಿಯುತ್ತದೆ, ಆಗದಿದ್ದರೆ ಮುನಿಸಿನಿಂದ ಮುಗಿಯುತ್ತದೆ. ಎರಡೂ ದಾರಿಯಲ್ಲಿ ನಿಲ್ಲುವುದು ಜಪವೇ. ಆದ್ದರಿಂದ ಹರಕೆಯನ್ನು ಬೇರೆ ಇಡಿ. ಮೈಲಾಪುರಕ್ಕೋ ಗಾಣಗಾಪುರಕ್ಕೋ ಬರುತ್ತೇನೆ ಎಂದು ಹರಕೆ ಹೊತ್ತುಕೊಳ್ಳಿ, ಕೇಳುವುದನ್ನು ಜಪ ಮುಗಿದ ಮೇಲೆ ಬಾಯಿಬಿಟ್ಟು ಕೇಳಿ. ಮೂರು ಮಾಲೆಯನ್ನು ಮಾತ್ರ ಯಾವುದರ ಬೆಲೆಯಾಗಿಯೂ ಇಡಬೇಡಿ. ಜ್ಯೋತಿಷಿಗಳು ಹೇಳುವ ಶನಿ ಜಪ 23,000, ರಾಹು ಜಪ 18,000 ಎಂಬುವು ಗ್ರಹಶಾಂತಿಯ ಲೆಕ್ಕ. ಅವನ್ನು ನಿತ್ಯಜಪದಲ್ಲಿ ಕಲಸಬೇಡಿ.

ಜಪದಿಂದ ಕೆಲಸಕ್ಕೆ ತಡವಾಗುತ್ತಿದ್ದರೆ ಕಡಿಮೆ ಮಾಡಬೇಕಾದ್ದು ಜಪವನ್ನೇ, ಇಲ್ಲವೇ ಏಳುವುದು ಬೇಗ ಆಗಬೇಕು. ಕಲ್ಯಾಣದ ಶರಣರ ನೆಲದಲ್ಲಿ ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿದ್ದರೂ ಕಾಯಕ ಬಿಡದ ಶರಣ ನುಲಿಯ ಚಂದಯ್ಯನ ಕಥೆ ಇಲ್ಲಿನ ಮಠಗಳಲ್ಲಿ ಇನ್ನೂ ಹೇಳುತ್ತಾರೆ.

ಬೆಳಕು ಕಂಡಿತು, ಗಂಟೆ ಕೇಳಿತು, ಹುಬ್ಬಿನ ನಡುವೆ ಒತ್ತಿದಂತಾಯಿತು ಎನ್ನುವವರಿದ್ದಾರೆ. ಕಂಡರೆ ಕಾಣಲಿ, ಅದನ್ನು ಯಾರಿಗೂ ಹೇಳಿಕೊಂಡು ತಿರುಗಬೇಡಿ, ಮರುದಿನ ಅದಕ್ಕಾಗಿ ಕಾಯಬೇಡಿ. ನೋಡಬೇಕಾದ ಗುರುತು ಮನೆಯಲ್ಲಿದೆ: ಸಿಟ್ಟು ಬಂದದ್ದಕ್ಕೂ ಮಾತು ಆಡಿದ್ದಕ್ಕೂ ನಡುವೆ ಸ್ವಲ್ಪ ಜಾಗ ಸಿಗುತ್ತಿದೆಯೇ, ಸೊಸೆಯೋ ಅತ್ತೆಯೋ ಹೇಳಿದ ಮಾತು ಮಧ್ಯಾಹ್ನದ ತನಕ ಕೊರೆಯುವುದು ಕಡಿಮೆಯಾಗಿದೆಯೇ. ಇದನ್ನು ನಿಮಗಿಂತ ಮೊದಲು ಮನೆಯವರು ಗಮನಿಸುತ್ತಾರೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಯಾರೋ ಅಪ್ಪಣೆ ಕೊಡುವ ದನಿ ಕೇಳುವುದು, ರಾತ್ರಿಯೆಲ್ಲ ನಿದ್ದೆ ಇಲ್ಲದಿರುವುದು, ಎರಡು ವಾರ ಬಿಡದ ದುಃಖ, ಸಾಯಬೇಕೆನ್ನಿಸುವುದು ಇವು ಸಾಧನೆಯ ಹಂತಗಳಲ್ಲ. ಜಪ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಒಬ್ಬರೇ ಕೂಡಲು ಆಗುವುದೇ ಇಲ್ಲ ಎನ್ನುವವರಿಗೆ ಈ ಭಾಗದಲ್ಲಿ ಒಳ್ಳೆಯ ಇನ್ನೊಂದು ದಾರಿ ಇದೆ. ಕಡಕೋಳ ಮಡಿವಾಳಪ್ಪನವರ ಕಾಲದಿಂದ ತತ್ವಪದದ ಭಜನೆ ಇಲ್ಲಿ ಬೇರುಬಿಟ್ಟಿದೆ. ಅಮಾವಾಸ್ಯೆಗೋ ಸೋಮವಾರಕ್ಕೋ ಮಠದಲ್ಲಿ, ಗುಡಿಯ ಕಟ್ಟೆಯಲ್ಲಿ ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಎರಡು ತಿಂಗಳು ಹೋಗಿ ಹಿಂದಿನ ಸಾಲಿನಲ್ಲಿ ಕೂತು ದನಿಗೂಡಿಸಿ. ಹತ್ತು ಜನರ ದನಿಯಲ್ಲಿ ಬಾಯಿ ಪಳಗಿದ ಮೇಲೆ ಮನೆಯ ಮೂರು ಮಾಲೆ ಭಾರ ಎನ್ನಿಸುವುದಿಲ್ಲ.

ಮಂಡಲ ಮುಗಿದ ಮೇಲೆ

ನಲವತ್ತೊಂಬತ್ತನೇ ದಿನ ಉತ್ಸವ ಮಾಡಿ ಐವತ್ತನೇ ದಿನ ಮಲಗುವವರೇ ಹೆಚ್ಚು. ಮನೆದೇವರಿಗೆ ಒಂದು ಹೋಳಿಗೆಯ ನೈವೇದ್ಯವೋ ತೆಂಗಿನಕಾಯಿಯೋ ಸಾಕು, ಮರುದಿನವೂ ಅದೇ ಮೂರು ಮಾಲೆ. ಕ್ಯಾಲೆಂಡರ್ ಎಣಿಸಿ: 1 ಬಿದ್ದ ದಿನಗಳು ಹತ್ತಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಮಂಡಲ ಇದೇ ಸಂಖ್ಯೆ. ಕಡಿಮೆ ಇದ್ದರೆ ಐದಕ್ಕೆ ಏರಿಸಬಹುದು, ಒಮ್ಮೆಗೆ ಎರಡಕ್ಕಿಂತ ಹೆಚ್ಚು ಬೇಡ. ಬರಿಯ ಸೊನ್ನೆ, ಅಂದರೆ ಏನೂ ಮಾಡದ ದಿನ, ನಡುವೆ ಬಿದ್ದಿದ್ದರೆ ಮರುದಿನ ಆರು ಮಾಲೆ ಮಾಡಿ ಸರಿದೂಗಿಸುವ ಗೊಡವೆಗೆ ಹೋಗಬೇಡಿ. ಕೊನೆಗೆ ಒಂದು ದಿನ ಸೇರಿಸಿ.

ದೀಕ್ಷೆಯ ಯೋಚನೆ ಬರುವುದು ಹೆಚ್ಚಾಗಿ ಈ ಹಂತದಲ್ಲೇ. ಅವಸರ ಬೇಡ. ನಿಮ್ಮ ಮನೆತನ ನಡೆದುಕೊಳ್ಳುವ ಮಠ ಇದ್ದರೆ ಅಲ್ಲಿನ ಅಪ್ಪಾರನ್ನು (ಸ್ವಾಮಿಗಳನ್ನು) ಮೊದಲು ಕಾಣಿ. ಹೊಸಬರಾದರೆ ಆರು ತಿಂಗಳು ದೂರದಿಂದ ನೋಡಿ: ಬಡವರು ಬಂದಾಗ ಹೇಗೆ ಮಾತಾಡುತ್ತಾರೆ, ಮಠದ ಲೆಕ್ಕ ನಾಲ್ಕು ಜನಕ್ಕೆ ಗೊತ್ತಿದೆಯೇ, ಹೆಣ್ಣುಮಕ್ಕಳು ಯಾರ ಜೊತೆಯೂ ಇಲ್ಲದೆ ಬಂದು ಹೋಗಲು ಅಂಜುತ್ತಾರೆಯೇ. ಮಂತ್ರಕ್ಕೆ ಇಷ್ಟು ಸಾವಿರ ಎಂದು ದರ ಹೇಳಿದರೆ, ಮನೆಯವರಿಗೆ ಹೇಳಬೇಡ ಎಂದರೆ, ಔಷಧಿ ಬಿಡು ಎಂದರೆ ನಮಸ್ಕಾರ ಮಾಡಿ ಹೊರಟುಬಿಡಿ. ಒಪ್ಪಿ ಪಡೆಯುವುದಾದರೆ ಅದೇ ದಿನ ಮೂರು ವಿಷಯ ಕೇಳಿ ಬರೆದುಕೊಳ್ಳಿ: ದಿನದ ಕನಿಷ್ಠ ಸಂಖ್ಯೆ ಎಷ್ಟು, ಸೂತಕದಲ್ಲಿ ಏನು ಮಾಡಬೇಕು, ಇಲ್ಲಿಯವರೆಗೆ ಮಾಡಿದ ನಾಮವನ್ನು ಮುಂದುವರಿಸಬೇಕೇ ಬಿಡಬೇಕೇ.